ಮೇಷ್ಟ್ರ ಬಳಗದ ಮೇಲ್ ನಿಂತುಹೋದಾಗ

‘ನನ್ನ ಹೆಸರನ್ನು ಯಾಕೆ ತೆಗೆದುಹಾಕಿದ್ರಿ?’

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಉರುಹೊಡೆದ ಪ್ರಶ್ನೆ ಇದು. ಆದರೆ ಗ್ರಂಥಾಲಯದ ಮಹಡಿಯ ಕೋಣೆಯ ಬಾಗಿಲಲ್ಲಿ ನಿಂತಾಗ ಬಾಯಿಂದ ಹೊರಟದ್ದು ‘ನ...’ ಮಾತ್ರ.

ಒಳಗೆ ಕುರ್ಚಿ ಜೋಡಿಸುತ್ತಿದ್ದವನು ತಿರುಗಿ ನೋಡಿದ. ಎತ್ತರದ ಆಳು, ಅಂಗಿಯ ತೋಳಿಗೆ ಗ್ರೀಸಿನ ಕಲೆ. ಬೇರೆ ಯಾರಾದರೂ ಆಗಿದ್ದರೆ ಅವಳ ಮಾತನ್ನು ತಾವೇ ಪೂರ್ತಿ ಮಾಡಿಬಿಡುತ್ತಿದ್ದರು. ಇವನು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು, ಕಣ್ಣು ತಪ್ಪಿಸದೆ, ಸುಮ್ಮನೆ ಕಾದ.

ಅವಳಿಗೆ ಗೊತ್ತಾಗಿಹೋಯಿತು. ಇವರೇ ಮೇಷ್ಟ್ರು!

ಕೃತಕ ಹಲ್ಲು ತಯಾರಿಸುವ ಅಂಗಡಿಯೊಂದರಲ್ಲಿ ಅವಳ ಕೆಲಸ. ಕಂಡವರ ಬಾಯಿಗೆಲ್ಲ ಹಲ್ಲು ಕೂರಿಸುವ ನಮ್ಮ ಪುಟ್ಟಿಯ ಬಾಯಲ್ಲೇ ಮಾತು ಕೂರುವುದಿಲ್ಲ ಎಂದು ಅತ್ತಿಗೆ ಅಕ್ಕರೆಯಿಂದಲೇ ಛೇಡಿಸುತ್ತಿದ್ದಳು. ಪುಟ್ಟಿ ನಗುತ್ತಿದ್ದಳು. ಚಿಕ್ಕಂದಿನಿಂದಲೂ ಉಗ್ಗು. ಅಂಗಡಿಯಲ್ಲಿ ಫೋನ್ ರಿಂಗಾದರೆ ಅವಳು ಎದ್ದು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದಳು.

ಉಗ್ಗುವವರಿಗಾಗಿ ಒಂದು ಇಮೇಲ್ ಬಳಗ ಇದೆಯೆಂದು ಪತ್ತೆ ಮಾಡಿ ಅವಳನ್ನು ಸೇರಿಸಿದ್ದೂ ಅತ್ತಿಗೆಯೇ. ಒಂದೇ ವಿಳಾಸ. ಅದಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ತಲುಪುತ್ತದೆ. ಹೊಸಬರ ಪತ್ರವನ್ನು ಮಾತ್ರ ಮೊದಲು ಬಳಗ ನಡೆಸುವವರು ಓದಿ, ಒಪ್ಪಿ, ಮುಂದೆ ಬಿಡಬೇಕು. ಹಳೆಯ ಪತ್ರವನ್ನು ಇಡಿಯಾಗಿ ಬಾಲದಂತೆ ಅಂಟಿಸಿ ಉತ್ತರಿಸಿದರೆ ಅವರು ಗದರುತ್ತಿದ್ದರು. ‘ಧನ್ಯವಾದ’ ಎಂಬ ಒಂದೇ ಮಾತನ್ನು ಊರಿಗೆಲ್ಲ ಕಳಿಸಿದವರಿಗೂ ಬುದ್ಧಿ ಹೇಳುತ್ತಿದ್ದರು. ಹಾಗಾಗಿ ಅವರಿಗೆ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು.

ತಿಂಗಳುಗಟ್ಟಲೆ ಅವಳು ಬರೀ ಓದಿದಳು. ಕೊನೆಗೊಮ್ಮೆ ಫೋನಿನ ಭಯದ ಬಗ್ಗೆ ಬರೆದಳು. ಮೇಷ್ಟ್ರು ಅದನ್ನು ಮುಂದೆ ಬಿಟ್ಟದ್ದಲ್ಲದೆ, ಅವಳೊಬ್ಬಳಿಗೇ ಬೇರೆ ಬರೆದರು: ನಿಮ್ಮ ಪತ್ರ ಓದಿ ನನ್ನದೇ ಡೈರಿ ಓದಿದಂತಾಯಿತು.

ಅಲ್ಲಿಂದ ದಿನಕ್ಕೊಂದು ಪತ್ರ ಅತ್ತ, ಒಂದು ಇತ್ತ. ಬರೆಯುವಾಗ ಅವಳು ಎಷ್ಟು ವಾಚಾಳಿ! ಇವರೆದುರು ಏನನ್ನೂ ಮುಚ್ಚಿಡಬೇಕಾಗಿಲ್ಲ ಅನಿಸತೊಡಗಿತು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಬರೆದೇಬಿಟ್ಟಳು: ನಿಮ್ಮನ್ನು ನೋಡಬೇಕು. ಯಾಕೆ ಎಂದು ನಿಮಗೇ ಗೊತ್ತಿರಬಹುದು.

ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಅಷ್ಟೇ ಅಲ್ಲ, ಬಳಗದ ಪತ್ರಗಳೂ ನಿಂತುಹೋದವು. ಅವಳ ವಿಳಾಸಕ್ಕೆ ಬರೆಯುವವರು ಬೇರೆ ಯಾರೂ ಇರಲಿಲ್ಲ.

‘ಹೆಸರನ್ನೇ ಕಿತ್ತುಹಾಕಿದ್ದಾರೆ... ಇಷ್ಟು ಅಸಹ್ಯವಾಯಿತೇ ನನ್ನ ಮಾತು?’

ಏನಾಯಿತೆಂದು ಅತ್ತಿಗೆ ಕೇಳುತ್ತಲೇ ಇದ್ದಳು. ಊಟದ ತಟ್ಟೆಯ ಮುಂದೆ ಕಣ್ಣು ತುಂಬಿ ಬಂದಾಗ ಎಲ್ಲವೂ ಹೊರಬಿತ್ತು. ಸದಸ್ಯರ ಸಭೆ ಇಂಥ ಕಡೆ ಎಂದು ಹಿಂದಿನ ಪತ್ರದಲ್ಲಿ ಇತ್ತಲ್ಲ, ಹೋಗಿ ಮುಖದ ಮೇಲೇ ಕೇಳು ಎಂದು ಅತ್ತಿಗೆ ಅವಳನ್ನು ಬಸ್ಸು ಹತ್ತಿಸಿದ್ದಳು.

ಈಗ ಆ ಪ್ರಶ್ನೆ ತುಂಡು ತುಂಡಾಗಿ, ತಡವರಿಸುತ್ತಾ, ಕೊನೆಗೂ ಹೊರಬಂತು.

ಅವನ ಮುಖ ಬಿಳಿಚಿಕೊಂಡಿತು. “ನೀ... ನೀವಾ? ಹಲ್ಲಿನ ಅಂಗಡಿಯವರು?”

ಅವಳು ತಲೆಯಾಡಿಸಿದಳು.

ಅವನು ಒಂದು ಕುರ್ಚಿ ಎಳೆದುಕೊಂಡು ಕೂತ. “ನಾನು ತೆಗೀಲಿಲ್ಲ. ನಿಮ್ಮ ಪೆ... ಪೆಟ್ಟಿಗೆ ತುಂಬಿದೆ.”

ಆಮೇಲೆ ನಿಧಾನವಾಗಿ ವಿವರಿಸಿದ. ಇಮೇಲಿನ ಅಂಚೆಪೆಟ್ಟಿಗೆಯಲ್ಲಿ ಜಾಗವಿಲ್ಲದಿದ್ದರೆ ಪತ್ರ ಹಿಂದಕ್ಕೆ ಬರುತ್ತದೆ. ಹೀಗೆ ಮತ್ತೆ ಮತ್ತೆ ಹಿಂದಕ್ಕೆ ಬಂದರೆ ಬಳಗ ನಡೆಸುವ ಯಂತ್ರವೇ ಆ ವಿಳಾಸಕ್ಕೆ ಕಳಿಸುವುದನ್ನು ನಿಲ್ಲಿಸಿಬಿಡುತ್ತದೆ, ಮನುಷ್ಯರನ್ನು ಕೇಳುವುದಿಲ್ಲ. ಅವನು ಪುನಃ ಪುನಃ ಸೇರಿಸಿದ್ದ. ಪುನಃ ಪುನಃ ನಿಂತಿತ್ತು. ಅವಳ ಪತ್ರಕ್ಕೆ ಬರೆದ ಉತ್ತರವೂ ಅವನಿಗೇ ಮರಳಿತ್ತು.

ಅವಳಿಗೆ ನೆನಪಾಯಿತು. ಮನೆಯಲ್ಲಿ ಕೂತು ನೋಡಲೆಂದು ದವಡೆ ಅಚ್ಚುಗಳ ದೊಡ್ಡ ದೊಡ್ಡ ಫೋಟೋಗಳನ್ನು ತಾನೇ ತನ್ನ ವಿಳಾಸಕ್ಕೆ ಕಳಿಸಿಕೊಂಡಿದ್ದಳು, ಒಂದನ್ನೂ ಅಳಿಸಿರಲಿಲ್ಲ. ಜಾಗ ಮುಗಿಯುತ್ತಿದೆ ಎಂಬ ಎಚ್ಚರಿಕೆ ಪರದೆಯ ಮೂಲೆಯಲ್ಲಿ ಬಂದಾಗಲೆಲ್ಲ ಕಡೆಗಣಿಸಿದ್ದಳು. ಯಾರದೋ ದವಡೆಗಳು ಬಂದು ಅವನ ಉತ್ತರಕ್ಕೆ ಅಡ್ಡ ಕೂತಿದ್ದವು!

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು.

“ಹುಡುಕಿದೆ,” ಎಂದನವನು. ಅಂಗಡಿಯ ಹೆಸರು ಗೊತ್ತಿಲ್ಲದೆ, ಹಲ್ಲು ತಯಾರಿಸುವ ಅಂಗಡಿಗಳಿಗೆಲ್ಲ ಫೋನ್ ಮಾಡಿದ್ದನಂತೆ. ಲಿಫ್ಟ್ ರಿಪೇರಿಯ ಕೆಲಸ ಅವನದು. ಅಷ್ಟೆತ್ತರದಲ್ಲಿ ತೂಗಾಡಲು ಇಲ್ಲದ ಹೆದರಿಕೆ ಅವನಿಗೆ ಫೋನ್ ಹಿಡಿಯಲು. ಒಂದು ಕಡೆ ತಮಾಷೆ ಮಾಡುತ್ತಿದ್ದಾನೆಂದು ಬೈದು ಇಟ್ಟರಂತೆ.

ಅದು ತನ್ನದೇ ಅಂಗಡಿ. ಅವಳಿಗೆ ಅನುಮಾನವೇ ಉಳಿಯಲಿಲ್ಲ. ಅಂಗಡಿಯಲ್ಲಿ ಫೋನ್ ಎತ್ತುವವಳು ಉಗ್ಗುತ್ತಾ ಬಂದ ಒಂದು ಕರೆಯ ಬಗ್ಗೆ ಹೇಳಿ ನಕ್ಕಿದ್ದಳು. ನನಗಾಗಿ... ಫೋನಿನಲ್ಲಿ...

“ಆ ಉತ್ತರ ಫೋನಿನಲ್ಲೇ ಇದೆ. ತೋರಿಸ್ಲಾ?” ಅವನು ಜೇಬಿಗೆ ಕೈಹಾಕಿದ.

“ಬೇಡ,” ಎಂದಳು ಅವಳು. “ಹೇಳಿ.”

ಅವನು ಬಾಯಿ ತೆರೆದ. ಮೊದಲ ಅಕ್ಷರಕ್ಕೇ ಮಾತು ಸಿಕ್ಕಿಕೊಂಡಿತು. ಅಷ್ಟರಲ್ಲಿ ಸದಸ್ಯರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ಪರಿಸ್ಥಿತಿ ಅರ್ಥವಾಗಿ ಸದ್ದಿಲ್ಲದೆ ನಿಂತರು. ಅಲ್ಲಿ ಯಾರಿಗೂ ಅವಸರವಿರಲಿಲ್ಲ.

“ದಿ... ದಿನಾ ನಿಮ್ಮ ಮಾತು ಕೇಳ್ಬೇಕು ಅನ್ಸುತ್ತೆ. ಬರೆದಿದ್ದಲ್ಲ. ಆಡಿದ್ದು. ಕೊನೇವರೆಗೂ.”

ಅವಳ ಕೆನ್ನೆ ಬಿಸಿಯಾಯಿತು.

“ನಾನು ಮಾತಾಡೋಕೆ ಶು... ಶುರು ಮಾಡಿದ್ರೆ ತುಂಬಾ ಹೊತ್ತಾಗುತ್ತೆ.”

“ಆಗ್ಲಿ ಬಿಡಿ,” ಎಂದು ಅವನು ತನ್ನ ಪಕ್ಕದ ಕುರ್ಚಿಯನ್ನು ಅವಳತ್ತ ಎಳೆದ. “ಕೂತ್ಕೊಳ್ಳಿ.”