ಪ್ರಯೋಗಕ್ಕೆ ಕೂತವನ ಹೆಸರು

"ಕಣ್ಣು ಮುಚ್ಕೊಳ್ಳೋ. ಕದ್ದು ನೋಡಿದ್ರೆ ಪ್ರಯೋಗ ಕ್ಯಾನ್ಸಲ್."

ಕಣ್ಣಿಗೆ ಕರ್ಚೀಫು ಕಟ್ಟಿಕೊಂಡಿದ್ದೆ. ಆದರೂ ಅನುಪಮಾಳ ದನಿಯಲ್ಲಿ ನಗು ಕೇಳಿಸುತ್ತಿತ್ತು.

ತುಮಕೂರಿನ ಕಾಲೇಜು, ಬಿ.ಎ. ಮೊದಲ ಸೆಮಿಸ್ಟರ್, ಸೈಕಾಲಜಿ ಪ್ರಾಕ್ಟಿಕಲ್. ರೋಲ್ ನಂಬರಿನ ಪ್ರಕಾರ ಜೋಡಿ. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಅದಕ್ಕೆ ಕೂರುವವರು. ಚೇಳೂರು ಕಡೆಯ ಅನುಪಮಾಳ ಮುಂದೆ ಕೊತ್ತಗೆರೆ ಕಡೆಯ ನಾನು, ಸಿದ್ಧಾರ್ಥ್, ಕೂತಿದ್ದೆ. ಕೈವಾರದಂಥ ಸಾಧನದ ಮೊನೆಗಳನ್ನು ಅವಳು ನನ್ನ ಮುಂಗೈಗೆ ತಾಗಿಸಬೇಕು. ತಾಗಿದ್ದು ಒಂದು ಮೊನೆಯೋ ಎರಡೋ ಎಂದು ನಾನು ಹೇಳಬೇಕು.

"ಈಗ?"

"ಎರಡು."

"ಈಗ?"

"ಒಂದು."

"ಎರಡಿಟ್ಟಿದ್ದೆ ಕಣೋ! ತುಂಬಾ ಹತ್ರ ಬಂದ್ರೆ ನಿಂಗೆ ಗೊತ್ತೇ ಆಗಲ್ವಾ?"

"ಗೊತ್ತಾಗುತ್ತೆ. ಹೇಳೋಕ್ ಭಯ."

ನಗು ನಿಂತಿತು. ಸಾಧನ ಎತ್ತಿಟ್ಟ ಮೇಲೂ ಅವಳ ಬೆರಳು ನನ್ನ ಮಣಿಕಟ್ಟಿನ ಮೇಲಿತ್ತು. ಪ್ರಯೋಗಕ್ಕೆ ಅದರ ಅಗತ್ಯವಿರಲಿಲ್ಲ.

ಕೊನೆಗೆ, ಪ್ರಯೋಗಕ್ಕೆ ಕೂತವರು ತಮಗಾದ ಅನುಭವವನ್ನು ಪ್ರಯೋಗ ಮಾಡಿದವರ ರೆಕಾರ್ಡ್ ಪುಸ್ತಕದಲ್ಲಿ ಸ್ವಂತ ಕೈಯಲ್ಲಿ ಬರೆಯಬೇಕು. 'ಪ್ರಯೋಗ ಆಸಕ್ತಿದಾಯಕವಾಗಿತ್ತು' ಎಂಬ ಒಂದೇ ವಾಕ್ಯವನ್ನು ವರ್ಷವರ್ಷವೂ ಎಲ್ಲರೂ ಬರೆಯುತ್ತಾರೆ. ಭಾನುಪ್ರಿಯಾ ಮೇಡಂ ಮಾತ್ರ "ಅನ್ನಿಸಿದ್ದನ್ನೇ ಬರೀರಪ್ಪ" ಎಂದಿದ್ದರು. ಪೆದ್ದ ನಾನು, ನಂಬಿದೆ.

'ನಮ್ಮೂರಲ್ಲಿ ಅಂಗಡಿಯವನು ಚಿಲ್ಲರೆಯನ್ನು ನನ್ನ ಅಂಗೈಗೆ ಮೇಲಿನಿಂದ ಬೀಳಿಸುತ್ತಾನೆ. ನನ್ನವ್ವ ಹೊಂಬಾಳಮ್ಮ ಬೊಗಸೆಯೊಡ್ಡಿದರೆ ನೀರನ್ನು ಎತ್ತರದಿಂದ ಹುಯ್ಯುತ್ತಾರೆ. ಇವತ್ತು ಒಬ್ಬಳು ನಲವತ್ತು ಸಲ ಮುಟ್ಟಿದಳು. ನಲವತ್ತೊಂದನೆಯದಕ್ಕೆ ಕಾದೆ.'

ಆ ಪುಟವನ್ನು ಮನೆಯಲ್ಲಿ ಅವಳ ಅಣ್ಣ ಚನ್ನೇಶ್ ಓದಿದ. ಮೂರು ವಾರ ಅವಳು ಕಾಲೇಜಿಗೆ ಬರಲಿಲ್ಲ.

ಸುದ್ದಿ ತಂದದ್ದು ಅವಳ ಚಿಕ್ಕಪ್ಪನ ಮಗಳು, ನಮ್ಮದೇ ಕ್ಲಾಸಿನ ಕಾವ್ಯ.

"ಅವಳಪ್ಪ, ನಮ್ ದೊಡ್ಡಪ್ಪ, ಅವಳ ಕೈಗೆ ಸೋಪು ಕೊಟ್ಟು ತೊಳ್ಕೊ ಅಂದ್ರು ಕಣೋ. ಜಾತಿ ಸುಳ್ಳು ಅಂತ ಊರೂರಲ್ಲಿ ಭಾಷಣ ಮಾಡ್ತಾರಲ್ಲ, ಅದೇ ದೊಡ್ಡಪ್ಪ. ನಿನ್ ಪುಟ ಹರಿದುಹಾಕಿದ್ರು. ಪ್ರಯೋಗಕ್ಕೆ ಕೂತಿದ್ದು ನಾನು ಅಂತ ನನ್ ಕೈಲೇ ಹೊಸದಾಗಿ ಬರೆಸವ್ರೆ. ಅವಳು ಪರೀಕ್ಷೇಲೂ ಹಂಗೇ ಹೇಳಿದ್ರೆ ಓದಿಸ್ತಾರಂತೆ. ಇಲ್ಲಾಂದ್ರೆ ಮದುವೆ."

"ಹೇಳ್ಲಿ ಬುಡು. ಓದ್ಲಿ," ಎಂದೆ.

ಪರೀಕ್ಷೆಯ ದಿನ ಚನ್ನೇಶ್ ಲ್ಯಾಬಿನ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತ. ಅಂಥ ದೊಡ್ಡ ಮನುಷ್ಯರ ಮಗನಿಗೆ ಬೇಡವೆನ್ನುವ ಧೈರ್ಯ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ.

ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಅವಳ ರೆಕಾರ್ಡ್ ತಿರುವಿದರು. "ಸ್ಪರ್ಶದ ಪ್ರಯೋಗಕ್ಕೆ ಕೂತಿದ್ದು ಯಾರಮ್ಮ, ಕಾವ್ಯನಾ?"

ಹೂಂ ಅನ್ನು ಮಾರಾಯ್ತಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೂಂ ಅಂದು ಬದುಕಿಕೋ.

"ಅಲ್ಲ ಸರ್. ಸಿದ್ಧಾರ್ಥ್. ಅಗೋ, ಅಲ್ಲಿ ಕೂತವ್ನೆ. ಇದು ಬಲವಂತಕ್ಕೆ ಬರೆದಿದ್ದು. ನಾನು ಮುಟ್ಟಿದ್ದು ಅವನನ್ನ."

ಬಾಗಿಲಲ್ಲಿ ಸ್ಟೂಲ್ ಉರುಳಿತು.

"ನಡಿಯೇ ಆಚೆ. ಮುಗೀತು ನಿನ್ ಓದು!"

"ಪರೀಕ್ಷೆ ನಡೀತಿದೆ ರೀ," ಎಂದು ಮೇಡಂ ತೊದಲಿದರು. ಪರೀಕ್ಷಕರು ಕನ್ನಡಕ ಒರೆಸಿಕೊಳ್ಳತೊಡಗಿದರು.

ನಾನು ಎದ್ದೆ. ಚನ್ನೇಶನ ಕೈಯಲ್ಲಿ ಅವಳ ರಟ್ಟೆ. ನನ್ನ ಮೇಜಿನ ಬಳಿ ಅವಳು ಕಾಲೂರಿ ನಿಂತಳು.

"ಕೂತ್ಕೊಳ್ಳೋ. ನಿನ್ ವೈವಾ ಇನ್ನೂ ಆಗಿಲ್ಲ. ಇಬ್ರೂ ಓದು ಬಿಟ್ರೆ ಇವ್ರಿಗೆ ಹಬ್ಬ." ಕಣ್ಣು ತುಂಬಿತ್ತು, ತುಟಿಯಂಚಲ್ಲಿ ಅದೇ ತುಂಟತನ. "ನೀನಂದ್ರೆ ಇಷ್ಟ ಕಣೋ ಪೆದ್ದ. ಹೇಳೋಕ್ ನಂಗೇನ್ ಭಯ ಇಲ್ಲ."

ಅವನು ಎಳೆದುಕೊಂಡು ಹೋದ. ಕೆಳಗೆ ಬೈಕು ಸ್ಟಾರ್ಟ್ ಆಗಿ, ಗೇಟು ದಾಟಿ, ಸದ್ದು ಇಲ್ಲವಾಯಿತು.

"ಇಪ್ಪತ್ತೆರಡು," ಎಂದು ಪರೀಕ್ಷಕರು ನನ್ನ ನಂಬರು ಕೂಗಿದರು.

ಹೋಗಿ ಎದುರು ಕೂತೆ. ಅವರು ಏಳು ಪ್ರಶ್ನೆ ಕೇಳಿದರು. ಅಳುತ್ತಲೇ ಏಳಕ್ಕೂ ಉತ್ತರ ಹೇಳಿದೆ, ಹೊರಗಿನ ಕಾರಿಡಾರಿಗೂ ಕೇಳಿಸುವಷ್ಟು ಗಟ್ಟಿಯಾಗಿ.