ಬಂಡೆಯ ಆಚೆ ಬದಿ

ಅತಿಥಿಯೊಬ್ಬನ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದ ಯಾದಿರಾ ತಲೆಯೆತ್ತಿದಳು. ಕೈ ಅಲ್ಲೇ ನಿಂತಿತು.

ಎಫ್ರಾಯಿನ್!

ಎರಡು ವರ್ಷದ ಹಿಂದೆ ಅವಳನ್ನು ಮದುವೆಯಾಗಬೇಕಿದ್ದವನು. ಈಗ ಲೊರೆತೋ ಊರಿನ ಕಡಲ ದಡದಲ್ಲಿ, ಅವಳು ನಡೆಸುವ ಕಯಾಕ್ ದೋಣಿಯ ಪ್ರವಾಸಕ್ಕೆ ಬಂದ ಅತಿಥಿಯಾಗಿ, ಅವಳ ಉಸಿರು ತಾಗುವಷ್ಟು ಹತ್ತಿರ ನಿಂತಿದ್ದ.

"ಬಿಗಿ ಆಯ್ತಾ?" ಎಂದಳು, ಗುರುತೇ ಇಲ್ಲದವಳಂತೆ.

"ಪರವಾಗಿಲ್ಲ," ಎಂದ ಅವನು ಮೆಲ್ಲಗೆ.

ಅವನನ್ನು ಕರೆತಂದದ್ದು ದೊನ್ಯಾ ಚೇಲೋ, ಅವನು ಬಾಡಿಗೆಗಿದ್ದ ಮನೆಯೊಡತಿ. ಆಕೆಗೂ ಗಂಡ ದೊನ್ ನಾಚೋಗೂ ಬಣ್ಣದ ಮೀನು ನೋಡುವ ಆಸೆ. ಮುದುಕರಿಬ್ಬರೂ ಒಂದು ಕಯಾಕ್ ಹತ್ತಿದರು. ಉಳಿದದ್ದು ಒಂದೇ. ಮುಂದೆ ಎಫ್ರಾಯಿನ್, ಹಿಂದೆ ಯಾದಿರಾ.

ಕೆಂಪು ಬಂಡೆಗಳ ಅಂಚಿನಲ್ಲೇ ಹುಟ್ಟು ಹಾಕುತ್ತಾ ಸಾಗಿದರು. ಕಣ್ಣೆದುರು ಅವನ ಬೆನ್ನು... ಅವಳಿಗೆ ಹಳೆಯದೆಲ್ಲ ನೆನಪಾಯಿತು.

ಅವನು ಒಳನಾಡಿನ ಕೊಮೊಂದೂವಿನವನು, ಮೇಕೆ ಸಾಕುವ ಮನೆತನ. ಮದುವೆ ಹತ್ತಿರವಾದಾಗ ಅವನ ತಾಯಿ, ಅವನಿಲ್ಲದ ಹೊತ್ತಿನಲ್ಲಿ ಅವಳೆದುರಿಗೇ, ಒದ್ದೆ ಬಟ್ಟೆಯಲ್ಲಿ ಊರ ಗಂಡಸರ ಜೊತೆ ತಿರುಗುವವಳು ನಮ್ಮ ಮನೆಗೆ ಹೊಂದುವುದಿಲ್ಲ ಎಂದಿದ್ದಳು. ಅದಾದ ವಾರಕ್ಕೆ ಅವನೂ ಬಂದು, ಸಮುದ್ರದ ಕೆಲಸ ಬಿಟ್ಟುಬಿಡು ಎಂದ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ.

ತಾಯಿಯ ಮಾತನ್ನೇ ಹೊತ್ತು ತಂದಿದ್ದಾನೆ ಎಂದುಕೊಂಡ ಯಾದಿರಾ, ಸಮುದ್ರವನ್ನಲ್ಲ, ನಿನ್ನನ್ನೇ ಬಿಡುತ್ತೇನೆ ಎಂದು ನಿಶ್ಚಿತಾರ್ಥದ ಉಂಗುರ ಹಿಂದಕ್ಕೆ ಕೊಟ್ಟು ಕಳಿಸಿದ್ದಳು. ಆಮೇಲೆ ಎಷ್ಟು ಅತ್ತಿದ್ದಳೆಂದು ದಿಂಬಿಗೆ ಮಾತ್ರ ಗೊತ್ತು.

ಬಂಡೆಗಳ ನಡುವಿನ ಪುಟ್ಟ ಕೊಲ್ಲಿಯಲ್ಲಿ ಇಳಿದರು. ಎಲ್ಲರಿಗೂ ಈಜುಗನ್ನಡಕ, ಉಸಿರಿನ ಕೊಳವೆ ಕೊಟ್ಟಳು. ದೊನ್ಯಾ ಚೇಲೋ ನೀರಿಗೆ ಮುಖವಿಟ್ಟವಳು ಕೊಳವೆಯೊಳಗಿಂದಲೇ ಗಂಡನಿಗೆ ಏನೇನೋ ಕೂಗತೊಡಗಿದಳು. ಐವತ್ತು ವರ್ಷದಿಂದ ಇವಳ ಮಾತು ಹೀಗೇ ಕೇಳಿಸುತ್ತಿದೆ ಎಂದು ದೊನ್ ನಾಚೋ ನಕ್ಕ.

ಎಫ್ರಾಯಿನ್ ಮಾತ್ರ ಜಾಕೆಟ್ ಬಿಚ್ಚಿಟ್ಟು ದಡದ ಕಲ್ಲುಗಳ ಮೇಲೆ ಕೂತುಬಿಟ್ಟಿದ್ದ.

"ಮೇಕೆ ಕಾಯೋರಿಗೆ ಉಪ್ಪುನೀರು ಒಗ್ಗಲ್ಲ ಅಲ್ವಾ?" ಎಂದು ಚುಚ್ಚಿದಳು ಯಾದಿರಾ.

ಅವನು ಕಲ್ಲಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದ. ಇಷ್ಟು ಜಂಬ ಇದ್ದವನು ಯಾಕಾದರೂ ಬಂದನೋ ಎಂದುಕೊಂಡು ಅವಳು ನೀರಿನತ್ತ ತಿರುಗಿದಳು.

ಅಷ್ಟರಲ್ಲಿ ದೊನ್ ನಾಚೋನ ಈಜುಗನ್ನಡಕ ಕಳಚಿ ಬಂಡೆಯ ಬುಡಕ್ಕೆ ಜಾರಿತು. ಯಾದಿರಾ ಧುಮುಕಿದಳು. ಅಲೆಯ ಸೆಳೆತ ಅದನ್ನು ಬಂಡೆಯೊಳಗಿನ ಕಿಂಡಿಗೆ ಒಯ್ದಿತ್ತು. ಅವಳಿಗೆ ಆ ಕಿಂಡಿ ಮನೆಯ ಬಾಗಿಲಿದ್ದಂತೆ. ಕನ್ನಡಕ ಹಿಡಿದು, ಹಿಂದಿರುಗದೆ ಆಚೆ ಬದಿಗೆ ಹಾದು, ಅಲ್ಲೇ ಮೇಲೆದ್ದು ಸುಧಾರಿಸಿಕೊಂಡಳು.

ಈಚೆಯಿಂದ ಕೂಗಾಟ ಕೇಳಿಸಿತು.

ಬಂಡೆ ಬಳಸಿ ಈಜಿ ಬಂದು ನೋಡಿದಳು. ಎಫ್ರಾಯಿನ್ ಆಳದ ನೀರಿನಲ್ಲಿದ್ದ! ಮೈಮೇಲೆ ಜಾಕೆಟ್ ಇಲ್ಲ. ಮುಳುಗುತ್ತಿದ್ದ, ಏಳುತ್ತಿದ್ದ, ಎದ್ದಾಗಲೆಲ್ಲ ಅವಳ ಹೆಸರು ಕೂಗುತ್ತಿದ್ದ. ದಡದಿಂದ ದೊನ್ಯಾ ಚೇಲೋ ಮಾತೆ ಮರಿಯಳನ್ನು ಕರೆಯುತ್ತಿದ್ದಳು.

ಯಾದಿರಾ ಹಿಂದಿನಿಂದ ಅವನ ಎದೆಗೆ ಕೈ ಬಳಸಿ, ಮುಖವನ್ನು ನೀರಿನ ಮೇಲೆ ಹಿಡಿದು, ದಡಕ್ಕೆಳೆದು ತಂದಳು. ಅವನು ಕೆಮ್ಮಿದ, ನೀರು ಕಕ್ಕಿದ, ಕೊನೆಗೆ ಸರಿಯಾಗಿ ಉಸಿರೆಳೆದ. ಆಗಲೇ ಅವಳಿಗೂ ಉಸಿರು ಬಂದದ್ದು.

"ಈಜೋಕೇ ಬರಲ್ಲ ನಿಂಗೆ. ಯಾಕೆ ಇಳಿದೆ?"

"ನೀನು ಮೇಲೆ ಬರಲಿಲ್ಲ..."

ಅಷ್ಟೇ ಅಂದ. ಅವಳ ಮಣಿಕಟ್ಟು ಹಿಡಿದುಕೊಂಡ.

ದೊನ್ಯಾ ಚೇಲೋ ಗಂಡನ ತೋಳು ಹಿಡಿದು, ಬುತ್ತಿ ಬಿಚ್ಚೋಣ ಬನ್ನಿ ಎಂದು ದೂರ ಕರೆದೊಯ್ದಳು.

ಆಗ ಅವನು ಹೇಳಿದ. ಮದುವೆಗೆ ಮುಂಚೆ ಒಂದು ದಿನ ಬಡಗಣ ಗಾಳಿ ಎದ್ದು ಅವಳ ದೋಣಿಗಳು ತಡವಾಗಿದ್ದವು. ಅವಳನ್ನು ನೋಡಲೆಂದು ಬಂದಿದ್ದ ಅವನು ಕತ್ತಲಾಗುವವರೆಗೂ ದಡದಲ್ಲಿ ನಿಂತಿದ್ದ. ಅವಳು ನಗುನಗುತ್ತಾ ಬಂದಿಳಿದಾಗ ಎದುರು ಬರಲಾರದೆ ದಡದ ಗೋಡೆಯ ಹಿಂದೆ ಕೂತು ಅತ್ತಿದ್ದ. ದಿನಾ ಹೀಗೆ ಕಾಯುವ ಧೈರ್ಯ ತನಗಿಲ್ಲ ಎನ್ನಿಸಿತ್ತು. ಹೆದರಿಕೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, ಕೆಲಸ ಬಿಡು ಎಂದುಬಿಟ್ಟಿದ್ದ.

ಯಾದಿರಾ ಅವನನ್ನೇ ನೋಡಿದಳು. ಇದು ಜಂಬವಲ್ಲ... ತಿರಸ್ಕಾರವೂ ಅಲ್ಲ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿಹೋದಂತಾಯಿತು.

"ನಿಮ್ಮಮ್ಮ ಹೇಳಿಕೊಟ್ಟಿದ್ದು ಅಂದ್ಕೊಂಡಿದ್ದೆ ಕಣೋ."

"ಅಮ್ಮ? ಅಮ್ಮ ಏನಂದ್ಲು?"

ಅವನಿಗೆ ಅದು ತಿಳಿದೇ ಇರಲಿಲ್ಲ! ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನು ಅಂಗೈಯಿಂದ ಅವಳ ಕೆನ್ನೆ ಒರೆಸಿದ.

"ಸಮುದ್ರ ಬಿಡಬೇಡ. ನಂಗೇ ಈಜು ಕಲಿಸು. ಅದನ್ನ ಕೇಳೋಕೇ ಇವತ್ತು ಬಂದಿದ್ದು. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ."

ಅವಳು ಎದ್ದು ಜಾಕೆಟ್ ತೊಡಿಸಿ, ಕೈ ಹಿಡಿದು, ಸೊಂಟದ ಮಟ್ಟದ ನೀರಿಗೆ ಇಳಿಸಿದಳು. ಅವನು ಈಜುಗನ್ನಡಕ ತೊಟ್ಟು, ಕೊಳವೆ ಕಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಮುಳುಗಿಸಿದ. ಕೊಂಚ ಹೊತ್ತಿಗೆ ಅವನು ಕಣ್ಣು ತೆರೆದ; ಅವಳ ಬೆರಳುಗಳ ಮೇಲಿದ್ದ ಅವನ ಹಿಡಿತ ಸಡಿಲವಾಯಿತು. ಕೆಳಗೆ ಹಳದಿ ಪಟ್ಟೆಯ ಮೀನುಗಳು ಅವರ ಕಾಲು ಸುತ್ತಿ ಹೋಗುತ್ತಿದ್ದವು.

ಅವನು ಮುಖವೆತ್ತಿದ. "ಇದನ್ನೆಲ್ಲ ಬಿಟ್ಟು ಬಾ ಅಂದಿದ್ನಾ ನಾನು?"

"ಅಂದಿದ್ದೆ."

"ಮತ್ತೆ ನನ್ನ ಒಪ್ಕೋತೀಯಾ?"

"ಮೊದಲು ಊಟ ಮಾಡು. ಬರೀ ಉಪ್ಪುನೀರು ಕುಡಿದಿದ್ದೀಯ."

"ಆಮೇಲೆ?"

"ಆಮೇಲೆ ಕೊಮೊಂದೂಗೆ ಹೋಗೋಣ," ಎಂದಳು ಯಾದಿರಾ, ಅವನ ಭುಜಕ್ಕೆ ತಲೆಯಾನಿಸಿ. "ನಿಮ್ಮಮ್ಮನ ಹತ್ರ ನೀನೇ ಮಾತಾಡ್ಬೇಕು. ಅಲ್ಲಿ ಮುಳುಗಿದ್ರೆ ನಾನು ಎತ್ತಲ್ಲ."