ಎರಡನೇ ಚರಣ

ಜಾವಗಲ್‌ನಲ್ಲಿ ನನ್ನ ಹಾಡು ಮತ್ತೆ ಅರ್ಧಕ್ಕೆ ನಿಂತಿತು. ಪಲ್ಲವಿ ಮುಗಿಸಿ ಚರಣಕ್ಕೆ ಉಸಿರು ಎಳೆದುಕೊಂಡಿದ್ದೆ, ಅಷ್ಟೇ. ಬಯಲಿನ ಆಚೆ ತುದಿಯಲ್ಲಿ ಬಿಳಿ ಕಾರಿನ ಬಾಗಿಲು ತೆರೆಯಿತು, ಪಟಾಕಿ ಸಿಡಿಯಿತು, ನಮ್ಮ ಆರ್ಕೆಸ್ಟ್ರಾ ಮಾಲೀಕರಾದ ಇಂದುಧರ ಸಾರ್ ವೇದಿಕೆಯ ಪಕ್ಕದಿಂದ ಕೈ ಎತ್ತಿದರು. ಕೀಬೋರ್ಡಿನ ಮೇಲಿದ್ದ ಶಶಿಯ ಹತ್ತು ಬೆರಳೂ ಒಟ್ಟಿಗೆ ಮೇಲೆದ್ದವು. ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ.

ಆಮೇಲೆ ಮುಖ್ಯ ಅತಿಥಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಅವರ ಭಾಷಣ. ಭಾಷಣ ಮುಗಿದ ಮೇಲೆ ನಿಂತ ಹಾಡನ್ನು ಮತ್ತೆ ಎತ್ತಿಕೊಳ್ಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮುಂದಿನ ಹಾಡು ಯಾವುದೋ ಅದು ಶುರುವಾಗುತ್ತಿತ್ತು.

ಅರಸೀಕೆರೆಗೆ ವಾಪಸು ಬರುವ ಮೆಟಡಾರ್‌ನಲ್ಲಿ ಶಶಿ ನನ್ನ ಎದುರಿಗೇ ಕೂತಿದ್ದ. ಕಂಬಳಿ ಸುತ್ತಿದ ಕೀಬೋರ್ಡು ಅವನ ತೊಡೆಯ ಮೇಲೆ.

"ಪಲ್ಲವಿ ಬಹಳ ಚೆನ್ನಾಗಿ ಬಂತು ಕೋಮಲ ಅವರೇ."

"ಬರದೆ ಏನು? ನಾನು ಹಾಡೋದೇ ಅದೊಂದನ್ನ."

ನಗು ತಡೆಯುವಾಗ ಅವನು ಕೆಳತುಟಿ ಕಚ್ಚುತ್ತಾನೆ. ಅಷ್ಟು ಸಿಟ್ಟಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತಲ್ಲ ಅಂತ ಸಿಟ್ಟು ಇನ್ನೂ ಏರಿತು.

"ಹಾಡಿನ ಆರ್ಡರ್ ಬರೆಯೋದು ಯಾರು?"

"ನಾನೇ."

"ನನ್ನ ಹಾಡನ್ನ ಐದನೇದು ಮಾಡಿದ್ದು?"

"ನಾನೇ."

"ಬಾಣಾವರದಲ್ಲಿ? ಮಾದಿಹಳ್ಳಿಯಲ್ಲಿ?"

"ಕಂಡಕ್ಟರ್ ಹಾಗೆ ಒಂದೊಂದೇ ಸ್ಟಾಪ್ ಕೂಗ್ತೀರಲ್ಲ! ಎಲ್ಲಾ ಕಡೆ ನಾನೇ ಕಣ್ರೀ."

ಕಿಟಕಿಯ ಕಡೆಗೆ ಮುಖ ತಿರುಗಿಸಿದೆ. ಹೊರಗೆ ಕತ್ತಲು ಬಿಟ್ಟರೆ ಏನೂ ಇರಲಿಲ್ಲ, ಗಾಜಿನಲ್ಲಿ ಕಂಡದ್ದೂ ಅವನ ಮುಖವೇ.

ಆ ಹಾಡಿನ ಬಗ್ಗೆ ಹೇಳಬೇಕು. ಹಳೆಯ ಸಿನಿಮಾ ಹಾಡು. ಪಲ್ಲವಿಯಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಅವನಿಗಾಗಿ ಕಾಯುತ್ತಾಳೆ. ಮೊದಲನೇ ಚರಣದಲ್ಲಿ ಬಾ ಬಾ ಎಂದು ಬೇಡುತ್ತಾಳೆ. ಎರಡನೇ ಚರಣಕ್ಕೆ ಬಂದಾಗ ಅವಳಿಗೆ ರೇಗುತ್ತದೆ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ನಾನೇನು ನಿನ್ನ ಮನೆಯ ದೀಪದ ಕಂಬವೇ ಎಂದು ಝಾಡಿಸುತ್ತಾಳೆ. ಆ ಹಾಡಿನ ಜೀವ ಇರುವುದೇ ಅಲ್ಲಿ. ಮೂರು ಊರಿನ ಜನ ನನ್ನ ಬಾಯಲ್ಲಿ ಕೇಳಿದ್ದು ಮಾತ್ರ ಆ ಹೆಂಗಸಿನ ಗೋಳಾಟವನ್ನು. ಅವಳಿಗೂ ಒಂದು ನಾಲಿಗೆ ಇದೆ ಎನ್ನುವುದು ಒಬ್ಬರಿಗೂ ಗೊತ್ತಾಗಲಿಲ್ಲ.

ಬಾಣಾವರದ ಕಾರ್ಯಕ್ರಮ ನೋಡಿ ಬಂದ ಪಕ್ಕದ ಮನೆ ಕಾಂತಮ್ಮ ಬೀದಿಯಲ್ಲೇ ಅಮ್ಮನನ್ನು ಕೇಳಿದ್ದಳು: "ನಿನ್ ಮಗಳಿಗೆ ಪಲ್ಲವಿ ಒಂದೇ ಬರಾದಾ?" ಅಲ್ಲಿಂದ ನಾನು ಪಲ್ಲವಿ ಕೋಮಲ. ಹಗಲು ಹೊತ್ತು ನಾನು ಕೂರುವ ಎಸ್‌ಟಿಡಿ ಬೂತಿಗೂ ಆ ಹೆಸರು ಬಂದು ಮುಟ್ಟಿತ್ತು.

ಅಪ್ಪ ಕಲ್ಲೇಶಪ್ಪನದು ರೈಲ್ವೆ ಕೆಲಸ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್. ಮಾತು ಕಡಿಮೆ. ಜಾವಗಲ್‌ನ ಸಮಾಚಾರ ಕೇಳಿ ಊಟದ ತಟ್ಟೆಯಿಂದ ಕೈ ಎತ್ತಿದ.

"ಬಿಟ್ಟ್ ಗಾಡಿ ಊರು ಸೇರ್ಬೇಕು ಕಣವ್ವ. ಯಾವನೋ ದೊಡ್ಡೋನು ಬಂದ ಅಂತ ನಡುದಾರೀಲಿ ನಿಲ್ಸಕ್ಕಾಯ್ತದಾ? ಬೇಲೂರಿಗೆ ನಾನೂ ಬತ್ತೀನಿ. ಒಂದ್ ಹಾಡು ಪೂರ್ತಿ ಕೇಳ್ದೆ ಅಂದ್ರೆ ಮುಂದಕ್ಕೆ ನಿನ್ನಿಷ್ಟ. ಇಲ್ಲಾಂದ್ರೆ ಅದೇ ಕಡೇದು. ಮರ್ಯಾದೆ ಇಲ್ದಿರೋ ಜಾಗದಾಗೆ ನನ್ ಮಗಳು ನಿಲ್ಲಾದು ಬ್ಯಾಡ."

ತಪ್ಪು ಯಾರದೋ, ಹಾಡು ಬಿಡಬೇಕಾದವಳು ನಾನು! ಅಪ್ಪನ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ಅವನ ಸಿಟ್ಟೂ ನನ್ನ ಸಿಟ್ಟೂ ಒಂದೇ ಜಾತಿಯದು, ಏನೆಂದು ಕೂಗಾಡುವುದು?

ನಮ್ಮ ಪ್ರಾಕ್ಟೀಸು ಬಸ್‌ಸ್ಟಾಂಡಿನ ಹಿಂದೆ, ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ. ಭಾನುವಾರ ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಹೋದಾಗ ಶಶಿ ಒಬ್ಬನೇ ಕೂತು, ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬೇಲೂರಿನ ರಾಜ್ಯೋತ್ಸವಕ್ಕೆ ಹಾಡುಗಳನ್ನು ಜೋಡಿಸುತ್ತಿದ್ದ. ವಾರವೆಲ್ಲ ಬಿ.ಎಚ್. ರಸ್ತೆಯ ತನ್ನ ಅಂಗಡಿಯಲ್ಲಿ ರೇಡಿಯೋ ಬಿಚ್ಚಿ ಜೋಡಿಸುವವನು. ಹಾಡು ಜೋಡಿಸುವಾಗಲೂ ಅದೇ ಶ್ರದ್ಧೆ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.

"ಹೇಳಿ. ನನ್ನನ್ನ ಐದಕ್ಕೆ ಯಾಕೆ ಹಾಕ್ತೀರಿ?"

"ಪೆನ್ನು ಕೊಟ್ರೆ ಹೇಳ್ತೀನಿ."

"ಹೇಳಿದ್ರೆ ಕೊಡ್ತೀನಿ."

ಕೈ ಚಾಚಿದವನು ಹಾಗೇ ಮಡಿಸಿಕೊಂಡ. "ಮೊದಲು ಗಣಪತಿ. ಅದು ಇಂದುಧರ ಸಾರ್‌ದು, ಮುಟ್ಟೋ ಹಾಗಿಲ್ಲ. ಎರಡು, ನಾಡಿನ ಹಾಡು. ಮೂರು, ಕುಣಿಯೋ ಹಾಡು. ರಸ್ತೇಲಿ ನಿಂತಿರೋರೆಲ್ಲ ಒಳಗೆ ಬರ್ತಾರೆ. ನಾಲ್ಕು, ಡ್ಯುಯೆಟ್. ಅಷ್ಟು ಹೊತ್ತಿಗೆ ಬಯಲು ತುಂಬಿರುತ್ತೆ, ಹೆಂಗಸರು ಮಕ್ಕಳು ಇನ್ನೂ ಎದ್ದು ಹೋಗಿರಲ್ಲ. ಇಡೀ ಕಾರ್ಯಕ್ರಮದಲ್ಲಿ ಐದಕ್ಕಿಂತ ಒಳ್ಳೆ ಜಾಗ ಇಲ್ಲ. ಅದನ್ನ ನಿಮಗೆ ಇಟ್ಟಿದ್ದೆ."

ಪೆನ್ನಿನ ತುದಿಯಿಂದ ಆ ಐದರ ಮೇಲೆ ಕುಟ್ಟಿದೆ.

"ಅಲ್ರೀ, ಬಯಲು ತುಂಬಿದ ಮೇಲೇ ತಾನೇ ಸಾಹೇಬರೂ ಬರೋದು? ಖಾಲಿ ಕುರ್ಚಿಗಳ ಮುಂದೆ ಹಾರ ಹಾಕಿಸ್ಕೊಳ್ಳೋಕೆ ಯಾರು ಬರ್ತಾರೆ? ನೀವು ನನಗೆ ಹುಡುಕಿದ ಒಳ್ಳೆ ಜಾಗಾನೇ ಅವರೂ ಹುಡುಕ್ಕೊಂಡು ಕೂತಿರ್ತಾರೆ!"

ಅವನ ಮುಖ ನೋಡಬೇಕಿತ್ತು. ಹುಬ್ಬು ಮೇಲೇರಿ ಅಲ್ಲೇ ನಿಂತಿತು.

"ಇದು ನನಗೆ ಹೊಳೀಲೇ ಇಲ್ಲ."

"ಮೂರು ಊರು ಆದಮೇಲೂ?"

"ನೀವು ಹಾಡೋವಾಗ ನಾನು ರಸ್ತೆ ಕಡೆ ನೋಡಲ್ಲ ಕಣ್ರೀ." ಕ್ಯಾಲೆಂಡರ್ ಹಾಳೆಯನ್ನು ಸುಮ್ಮನೆ ಸರಿಮಾಡಿದ. ಕಿವಿ ಕೆಂಪಾಗಿತ್ತು.

ನನ್ನ ಕೆನ್ನೆಯೂ ಬಿಸಿಯಾಯಿತು. ಜಗಳಕ್ಕೆಂದು ಬಂದವಳಿಗೆ ಹೀಗೆ ಹೇಳಿದರೆ ಜಗಳ ಮುಂದುವರಿಸುವುದು ಹೇಗೆ? ತಲೆ ಬಗ್ಗಿಸಿ ಪೆನ್ನು ಹಿಡಿದು ಐದನ್ನು ಹೊಡೆದುಹಾಕಿದೆ. ಏಳನೇ ಹಾಡಿನ ಹೊತ್ತಿಗೆ ಹಾರ, ಭಾಷಣ ಎಲ್ಲ ಮುಗಿದಿರುತ್ತದೆ, ನಾನು ಎಂಟು ಎಂದು ಬರೆದೆ. "ಅದರ ಹಿಂದೆ ಜೋರಿನ ಹಾಡು ಬೇಡ, ನಿಮಗೆ ಉಸಿರು ಬೇಕಾಗುತ್ತೆ" ಎಂದು ಅವನು ಬಗ್ಗಿದ. "ಮುಂದಿಂದೂ ಅದೇ ಶ್ರುತಿದು ಬೇಡ" ಎಂದು ನಾನೂ ಬಗ್ಗಿದೆ. ಹಣೆಗೆ ಹಣೆ ತಾಗುವಷ್ಟು ಹತ್ತಿರವಾದೆವು. ಇಬ್ಬರೂ ಹಿಂದೆ ಸರಿಯಲಿಲ್ಲ. ಕೆಳಗಿನಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು.

ಆಗ ಇಂದುಧರ ಸಾರ್ ಬಂದರು. ಹಾಳೆ ಎತ್ತಿ ನೋಡಿದರು.

"ಎಂಟಕ್ಕೆ ಹಾಕಿದ್ರೂ ಅಷ್ಟೇ ಕಣಮ್ಮ. ಅತಿಥಿ ಬಂದಾಗ ಯಾರದಾದ್ರೂ ಒಂದು ಹಾಡು ನಿಲ್ಲಲೇಬೇಕು. ನಂದು ನಿಂತ್ರೆ ಟ್ರೂಪಿಗೆ ಅವಮಾನ. ಹುಡುಗಿ ಹಾಡು ನಿಂತ್ರೆ ಕೇಳೋರು ಯಾರು?"

ನಗುತ್ತಲೇ ಹೇಳಿದರು, ಹವಾಮಾನದ ವಿಷಯ ಹೇಳುವ ಹಾಗೆ. ನಾನು ಶಶಿಯ ಕಡೆ ನೋಡಿದೆ. ಅವನು ಕೀಬೋರ್ಡಿನ ವೈರು ಸುತ್ತುತ್ತಿದ್ದ. ಸಾರ್ ಕೆಳಗಿಳಿದು ಹೋಗುವವರೆಗೂ ಸುತ್ತುತ್ತಲೇ ಇದ್ದ.

"ನೀವೂ ಹಾಗೇ ಅಂದ್ಕೊಂಡಿದೀರಾ?"

"ಛೆ, ಇಲ್ಲ."

"ಮತ್ತೆ ಬಾಯಲ್ಲೇನು ಕಡುಬು ಇತ್ತಾ?"

ದಡದಡ ಮೆಟ್ಟಿಲು ಇಳಿದೆ. ನನ್ನ ದನಿಗೆ ಸೋತು ರಸ್ತೆ ನೋಡುವುದನ್ನೇ ಮರೆಯುವವನಿಗೆ ನನ್ನ ಪರವಾಗಿ ಒಂದು ಮಾತಾಡಲು ಆಗಲಿಲ್ಲವಲ್ಲ. ಅಂಥ ಪ್ರೀತಿಯನ್ನು ಉಪ್ಪಿನಕಾಯಿ ಹಾಕಿಕೊಂಡು ನೆಕ್ಕಬೇಕೇ?

ಬೇಲೂರಿನಲ್ಲಿ ಶಾಲೆಯ ಮೈದಾನ. ಸಂಜೆ ಐದಕ್ಕೇ ಶುರು. ಅಪ್ಪ ಮೂರನೇ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲು, ಕಾಲ ಬಳಿ ಕೈಚೀಲ. ಗಣಪತಿ ಆಯಿತು, ನಾಡಿನ ಹಾಡಾಯಿತು, ಐದನೇದು, ಆರನೇದು, ಏಳನೇದೂ ಆಯಿತು. ಅತಿಥಿಗಳ ಸುಳಿವೇ ಇಲ್ಲ. ಶಶಿ ನನ್ನ ಕಡೆ ನೋಡಿದ, ಬೇರೆ ಹಾಡು ಹಾಕಲೇ ಎಂಬಂತೆ. ಬೇಡ ಎಂದು ತಲೆ ಆಡಿಸಿ ಮೈಕ್ ಹಿಡಿದೆ.

ಪಲ್ಲವಿ ಆಯಿತು. ಮೊದಲನೇ ಚರಣದ ಮೊದಲ ಸಾಲು ಆಯಿತು. ಗೇಟಿನ ಹತ್ತಿರ ಪಟಾಕಿ ಸಿಡಿಯಿತು.

ಇಂದುಧರ ಸಾರ್ ಕೈ ಎತ್ತಿದರು. ಶಶಿಯ ಬೆರಳುಗಳು ಮೇಲೆದ್ದವು. ಅದನ್ನು ನೋಡಿ ರಿದಮ್ ಪ್ಯಾಡಿನ ಸಂತುವೂ ಕೈ ಬಿಟ್ಟ. ಮೂರನೇ ಸಾಲಿನಲ್ಲಿ ಅಪ್ಪ ನಿಧಾನವಾಗಿ ಬಗ್ಗಿ ಕೈಚೀಲ ಎತ್ತಿಕೊಂಡ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಕಾರಿನ ಮೇಲೆ, ಆ ಹಾರದ ಮೇಲೆ, ಎತ್ತಿದ ಆ ಕೈಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಮೇಲೆದ್ದ ಆ ಹತ್ತು ಬೆರಳುಗಳ ಮೇಲೆ. ಮೈಕ್ ಇನ್ನೂ ನನ್ನ ಕೈಯಲ್ಲಿತ್ತು. ಎರಡನೇ ಸಾಲು ಎತ್ತಿಕೊಂಡೆ.

ವಾದ್ಯವಿಲ್ಲ, ತಾಳವಿಲ್ಲ. ನನ್ನ ದನಿಯೊಂದೇ ಮೈದಾನದ ಮೇಲೆ ಹೋಯಿತು. ಮೊದಲು ಯಾರೋ ಶಿಳ್ಳೆ ಹೊಡೆದರು, ಯಾರೋ "ಸುಮ್ನಿರ್ಲಾ" ಎಂದು ಗದರಿದರು. ಅತಿಥಿಗಳು ವೇದಿಕೆ ಹತ್ತಿ ಬಂದು ಕೈ ಮುಗಿದರು. ಯಾರೂ ಅವರ ಕಡೆ ತಿರುಗಲಿಲ್ಲ. ಹಾರ ಹಿಡಿದವರು ಹಾಕುವುದೋ ಬೇಡವೋ ಎಂದು ತಿಳಿಯದೆ ಹಾಗೇ ನಿಂತರು. ಇಂದುಧರ ಸಾರ್ ನನ್ನ ಹಿಂದೆ ಬಂದು "ನಿಲ್ಸಮ್ಮ, ನಿಲ್ಸು" ಎಂದು ಹಲ್ಲು ಕಚ್ಚಿ ಹೇಳಿದರು. ನಾನು ಇನ್ನೆರಡು ಹೆಜ್ಜೆ ಮುಂದೆ ಹೋದೆ.

ಎರಡನೇ ಚರಣದ ಬಾಗಿಲಲ್ಲಿ ಕೀಬೋರ್ಡು ಬಂತು. ಮೆಲ್ಲಗೆ, ತಡವಾಗಿ ಕ್ಲಾಸಿಗೆ ಬಂದವರ ಹಾಗೆ. ಅಷ್ಟು ಹೊತ್ತು ಒಬ್ಬಳೇ ಹಾಡಿದರೂ ನನ್ನ ಶ್ರುತಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಆ ಬಗ್ಗೆ ನನಗೆ ಈಗಲೂ ಜಂಬವಿದೆ. ತಿರುಗಿ ನೋಡಿದೆ. ಶಶಿಯ ಮುಖ ಬಿಳಿಚಿಕೊಂಡಿತ್ತು, ಕಣ್ಣು ನನ್ನ ಮೇಲೇ ಇತ್ತು. ಸಾರ್ ಅವನ ಹೆಗಲು ಹಿಡಿದು ಅಲುಗಿಸುತ್ತಿದ್ದರು, ಬೆರಳುಗಳು ಮಾತ್ರ ಏಳಲಿಲ್ಲ. ಎರಡನೇ ಚರಣದ ಬೈಗುಳವನ್ನೆಲ್ಲ ಅವನ ಕಡೆ ತಿರುಗಿಕೊಂಡೇ ಹಾಡಿದೆ. ಅಷ್ಟು ಮನಸ್ಸಿಟ್ಟು ಇನ್ಯಾರನ್ನೂ ನಾನು ಬೈದಿಲ್ಲ.

ಹಾಡು ಮುಗಿಯಿತು. ಅತಿಥಿಗಳು ಗಂಟಲು ಸರಿಮಾಡಿಕೊಂಡರು. "ಆಯ್ತೇನಮ್ಮ?"

"ಆಯ್ತು ಸಾರ್. ಈಗ ನೀವು ಹಾರ ಹಾಕಿಸ್ಕೊಳ್ಳಿ."

ಮೈಕ್ ಆನ್ ಆಗಿಯೇ ಇತ್ತು. ಮೈದಾನ ಬಿದ್ದು ಬಿದ್ದು ನಕ್ಕಿತು, ಆಮೇಲೆ ಚಪ್ಪಾಳೆ. ಅಪ್ಪ ಕೈಚೀಲ ಕೆಳಗಿಟ್ಟು ಕೂತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಇಂದುಧರ ಸಾರ್ ನನಗೂ ಶಶಿಗೂ ಮೆಟಡಾರ್‌ನಲ್ಲಿ ಜಾಗವಿಲ್ಲ, ಟ್ರೂಪಿನಲ್ಲೂ ಇಲ್ಲ ಎಂದರು. ಸರಿ ಎಂದು ಬಸ್‌ಸ್ಟಾಂಡಿಗೆ ನಡೆದೆವು. ಅಪ್ಪ ಆಗಲೇ ಅರಸೀಕೆರೆ ಬಸ್ಸಿನಲ್ಲಿ ಮೂವರ ಸೀಟಿಗೆ ಟವೆಲು ಹಾಸಿದ್ದ. ಕಿಟಕಿಗೆ ನಾನು, ಆಚೆ ಶಶಿ ಮತ್ತು ಅವನ ಕಂಬಳಿ ಗಂಟು, ನಡುವೆ ಗೋಡೆಯ ಹಾಗೆ ಅಪ್ಪ.

ಊರು ದಾಟಿದ ಮೇಲೆ ಅಪ್ಪ ಬಾಯಿ ಬಿಟ್ಟ. "ಅಲ್ಲಪ್ಪ, ನಡುವೆ ನಿನ್ ಪೆಟ್ಟಿಗೆ ಕೆಟ್ಟೋಗಿತ್ತಾ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪನಿಗೆ ಏನು ತಿಳಿಯಬೇಕು?

"ಇಲ್ಲ ಯಜಮಾನ್ರೇ. ಪೆಟ್ಟಿಗೆ ಸರಿಯಾಗೇ ಇತ್ತು. ನಾನು ಹೆದರ್ಕೊಂಡೆ."

"ಜಾವಗಲ್‌ನಾಗೆ?"

"ಅಲ್ಲೂ ನಾನೇ ನಿಲ್ಲಿಸಿದ್ದು. ನಿಮ್ಮ ಮಗಳು ಹಾಡಿದ ಕಡೆಯೆಲ್ಲ ನಾನೇ."

ಅವನು ಸುಳ್ಳು ಹೇಳಲಿಲ್ಲ ಎಂಬುದಕ್ಕೇ ನನ್ನ ಸಿಟ್ಟು ಅರ್ಧ ಇಳಿಯಿತು. ಹಳೇಬೀಡಿನಲ್ಲಿ ಬಸ್ಸು ನಿಂತಿತು. ಅಪ್ಪ ಟೀ ತರುತ್ತೇನೆಂದು ಇಳಿದ.

"ಮೇಲೆ ಎತ್ತಿದ್ಯಾಕೆ ಕೈನ?" ಎಂದೆ.

"ಅಭ್ಯಾಸ ಆಗಿಹೋಗಿದೆ."

"ಕೆಟ್ಟ ಅಭ್ಯಾಸ."

"ಹೌದು." ನಡುವಿನ ಖಾಲಿ ಜಾಗವನ್ನು ಒಮ್ಮೆ ನೋಡಿದ, ನನ್ನನ್ನು ನೋಡಿದ. "ಕೋಮಲ, ನಾನು ನಿಮ್ಮನ್ನ..."

ಕೈಯಲ್ಲಿ ಮೂರು ಲೋಟ ಒಟ್ಟಿಗೆ ಹಿಡಿದುಕೊಂಡು ಅಪ್ಪ ಬಸ್ಸು ಹತ್ತಿದ. ಶಶಿಯ ಬಾಯಿ ಮುಚ್ಚಿತು.

"ಹೇಳಿ" ಎಂದೆ.

"ನಿಮ್ಮ ತಂದೆ..."

"ಬಂದ್ರೆ ಬಂದ್ರು. ಪೂರ್ತಿ ಹೇಳಿ. ಇಲ್ಲಾಂದ್ರೆ ಅರಸೀಕೆರೆ ತನಕ ತುಟಿ ಬಿಚ್ಚಬೇಡಿ."

ಅಪ್ಪ ನಮ್ಮ ಸೀಟಿನ ಪಕ್ಕ ಬಂದು ನಿಂತ. ಶಶಿ ಅವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ಒಂದು ಸಾಲೂ ಬಿಡದೆ ಹೇಳಿದ. "ನಾನು ನಿಮ್ಮನ್ನ ಪ್ರೀತಿಸ್ತೀನಿ. ಮದುವೆ ಆಗ್ಬೇಕು ಅಂತಿದೀನಿ. ಟ್ರೂಪ್ ಇವತ್ತು ಹೋಯ್ತು, ಅಂಗಡಿ ಇದೆ. ನಿಮ್ಮ ಸಿಟ್ಟು ಕಂಡ್ರೆ ನನಗೆ ಭಯ, ಆದ್ರೂ ಅದೂ ಬೇಕು. ಇನ್ಯಾರು ಬಂದ್ರೂ ನಾನು ಕೈ ಎತ್ತಲ್ಲ."

ಹಿಂದಿನ ಸೀಟಿನವರು ಕೂಡ ಕತ್ತು ಚಾಚಿದ್ದರು. ಬಿಸಿ ಟೀ ಬೆರಳಿನ ಮೇಲೆ ಚೆಲ್ಲುತ್ತಿದ್ದರೂ ಅಪ್ಪ ಅವನ ಮಾತು ಮುಗಿಯುವವರೆಗೂ ನಿಂತೇ ಇದ್ದ. ಆಮೇಲೆ ಒಂದು ಲೋಟ ಅವನಿಗೆ, ಒಂದು ನನಗೆ ಕೊಟ್ಟ.

"ನೀನು ಒಳಕ್ ಸರ್ಕಳಪ್ಪ. ನಂಗೆ ಕಾಲು ಚಾಚಕ್ಕೆ ಜಾಗ ಬೇಕು."

ಶಶಿ ನಡುವಿಗೆ ಸರಿದ. ಅವನ ತೋಳು ನನ್ನ ತೋಳಿಗೆ ತಾಗಿತು.

"ನೀವಿಬ್ಬರೇ ಸೀಟು ಬದಲಾಯಿಸ್ಕೊಂಡ್ರೆ ಆಗೋಯ್ತಾ?" ಎಂದು ಸಿಡುಕಿದೆ. "ನನ್ನನ್ನ ಯಾರೂ ಕೇಳೋದೇ ಇಲ್ವಾ?"

"ಕೇಳ್ತಿದೀನಿ" ಅಂದ. "ಏನಂತೀರಿ?"

ಹೇಳಿದೆ. ಬಸ್ಸು ಹೊರಟ ಸದ್ದಿನಲ್ಲಿ ಅಪ್ಪನಿಗೆ ಕೇಳಿಸದೆ ಹೋಗಬಾರದೆಂದು ಹೂಂ ಎನ್ನುವುದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ.